ದಾಕ್ಷಿಣ್ಯ ಎಲ್ಲಿ ಬೇಕು, ಎಲ್ಲಿ ಬೇಡ: ಫೋನು, ಗ್ರೂಪು, ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಜನ ಕೇಳುವ ಪ್ರಶ್ನೆಗಳಿವು. ನನಗೆ ಕಂಡಂತೆ ನಮ್ಮಲ್ಲಿ ದಾಕ್ಷಿಣ್ಯಕ್ಕೆ ಕೊರತೆ ಇಲ್ಲ, ಆದರೆ ಅದು ಇರಬೇಕಾದ ಜಾಗದಲ್ಲಿಲ್ಲ. ಮುಖ ನೋಡಿರದ ಕಳ್ಳ ಫೋನ್ ಮಾಡಿದರೆ "ಹೇಳಿ ಸರ್" ಅಂತ ಅರ್ಧ ಗಂಟೆ ಕೇಳಿಸಿಕೊಳ್ಳುತ್ತೇವೆ. ಮನೆ ಸೊಸೆಯ ಫೋಟೋವನ್ನು ನೂರು ಜನರ ಗ್ರೂಪಿಗೆ ಹಾಕುವಾಗ ಮಾತ್ರ ಅವಳನ್ನು ಒಂದು ಮಾತು ಕೇಳುವುದಿಲ್ಲ. ಕೆಳಗಿನ ಉತ್ತರಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಯಾರೋ ಮಾತಾಡ್ತಿರುವಾಗ ಮಧ್ಯದಲ್ಲೇ ಫೋನ್ ಇಡೋದು ಒರಟುತನ ಅಲ್ವಾ?

ಅಲ್ಲ. ದುಡ್ಡು, ಓಟಿಪಿ, ಆಧಾರ್, ಕೇಸು, ಪಾರ್ಸೆಲ್ ಇವುಗಳಲ್ಲಿ ಯಾವ ಮಾತು ಬಂದರೂ ಕಟ್ ಮಾಡಿ. "ಆಮೇಲೆ ಮಾಡ್ತೀನಿ" ಅಂತ ಹೇಳುವ ಅಗತ್ಯವೂ ಇಲ್ಲ. ನಿಜವಾಗಿ ಬ್ಯಾಂಕಿನವರೇ ಆಗಿದ್ದರೆ ಅವರಿಗೇನೂ ಬೇಜಾರಾಗುವುದಿಲ್ಲ. ನೀವೇ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ಇರುವ ನಂಬರಿಗೆ ಫೋನ್ ಮಾಡಿ ಕೇಳಬಹುದು. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ಬೇಡ. ಅಲ್ಲಿ ಕಳ್ಳರೂ ತಮ್ಮ ನಂಬರ್ ಹಾಕಿಟ್ಟಿರುತ್ತಾರೆ.

ಕಳ್ಳರಿಗೆ ಬೇಕಾಗಿರುವುದು ನಿಮ್ಮ ದುಡ್ಡಿಗಿಂತ ಮೊದಲು ನಿಮ್ಮ ಸಮಯ. ಲೈನಿನಲ್ಲಿ ಎಷ್ಟು ಹೊತ್ತು ಇರುತ್ತೀರೋ ಅಷ್ಟು ಹೊತ್ತು ನೀವು ಮಗಳ ಹತ್ತಿರವೋ ಪಕ್ಕದ ಮನೆಯವರ ಹತ್ತಿರವೋ ಮಾತಾಡುವುದಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಅಂತ ಹಳಬರು ಸುಮ್ನೆ ಹೇಳಲಿಲ್ಲ.

"ಡಿಜಿಟಲ್ ಅರೆಸ್ಟ್" ಅಂತಾರಲ್ಲ, ಹಾಗೆ ನಿಜವಾಗಿ ಮಾಡೋಕಾಗುತ್ತಾ?

ಆಗುವುದಿಲ್ಲ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಬಂಧಿಸಲು ಬರುವುದಿಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಆಮೇಲೂ ಜನ ಬಿದ್ದರು, ಈಗಲೂ ಬೀಳುತ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕಾಯಿತು.

ನಾಟಕ ಹೆಚ್ಚುಕಡಿಮೆ ಒಂದೇ ಥರ. ಮೊದಲು ಕೊರಿಯರ್ ಕಂಪನಿಯಿಂದ ಅಂತ ಕರೆ: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ. ಇಲ್ಲವೇ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನಿಂದ ಅಂತ: ನಿಮ್ಮ ನಂಬರ್ ಎರಡು ಗಂಟೆಯಲ್ಲಿ ಬಂದ್ ಆಗುತ್ತೆ. ಅಲ್ಲಿಂದ ಕರೆ "ಮುಂಬೈ ಪೊಲೀಸ್" ಅಥವಾ "ಸಿಬಿಐ"ಗೆ ಹೋಗುತ್ತದೆ. ವಿಡಿಯೋದಲ್ಲಿ ಖಾಕಿ ಹಾಕಿದವನು, ಹಿಂದೆ ಲಾಂಛನ, ವಾಕಿಟಾಕಿ ಸದ್ದು. ನಿಮ್ಮ ಆಧಾರ್ ನಂಬರನ್ನು ಅವನೇ ಓದಿ ಹೇಳುತ್ತಾನೆ. ಅಲ್ಲೇ ಕೈಕಾಲು ತಣ್ಣಗಾಗುವುದು. ಆಮೇಲೆ ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ ಅನ್ನುತ್ತಾನೆ. ಕೊನೆಗೆ ಎಫ್‌ಡಿ ಮುರಿಸಿ, "ಪರಿಶೀಲನೆಗೆ" ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಯಾವನದೋ ಖಾತೆಗೆ ಹಾಕಿಸುತ್ತಾನೆ.

ನಿಜವಾದ ಪೊಲೀಸರು ಬಂಧಿಸಬೇಕಾದರೆ ಎದುರಿಗೆ ಬರಬೇಕು. ಕಾರಣ ಹೇಳಬೇಕು. ನಿಮ್ಮ ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಗಮನಿಸಿ, ಮನೆಯವರಿಗೆ ತಿಳಿಸಬೇಕು ಅಂತ ಕಾನೂನೇ ಹೇಳುತ್ತದೆ, ಈ ಕಳ್ಳರು ಯಾರಿಗೂ ಹೇಳಬೇಡಿ ಅನ್ನುತ್ತಾರೆ. ವಿಚಾರಣೆಗೆ ಬನ್ನಿ ಅನ್ನುವ ಪೊಲೀಸ್ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ 2025ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇದರಲ್ಲಿ ಸಿಕ್ಕಿಬಿದ್ದವರು ದಡ್ಡರು ಅಂತ ನಗಬೇಡಿ. ಕಾನೂನಿಗೆ ಹೆದರಿ, ಮರ್ಯಾದೆಗೆ ಅಂಜಿ ಬದುಕಿದ ನಿವೃತ್ತ ಮೇಷ್ಟ್ರು, ಡಾಕ್ಟರು, ಇಂಜಿನಿಯರುಗಳೇ ಇದಕ್ಕೆ ಸುಲಭದ ಬೇಟೆ.

ಮಕ್ಕಳು ಅಮೆರಿಕದಲ್ಲಿದ್ದಾರೆ, ನಾವಿಬ್ಬರೇ ಇಲ್ಲಿ. ಏನು ಮಾಡಿಟ್ಟುಕೊಳ್ಳಬೇಕು?

"ನಿಮ್ಮ ಮಗ ಪೊಲೀಸ್ ಕೈಗೆ ಸಿಕ್ಕಿದ್ದಾನೆ, ಈಗಲೇ ದುಡ್ಡು ಕಳಿಸಿ" ಅಂತ ಕರೆ ಬಂದಾಗ ಅಲ್ಲಿ ನಡುರಾತ್ರಿ, ಮಗ ಮಲಗಿರುತ್ತಾನೆ, ಫೋನ್ ಎತ್ತುವುದಿಲ್ಲ. ಈಗ ದನಿಯನ್ನೂ ನಕಲು ಮಾಡುತ್ತಾರೆ. ಆದ್ದರಿಂದ ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಹಳೇ ಮನೆಯ ಹಸುವಿನ ಹೆಸರೋ, ಅಜ್ಜಿ ಮಗನನ್ನು ಕರೆಯುತ್ತಿದ್ದ ಹೆಸರೋ ಸಾಕು. ಫೇಸ್‌ಬುಕ್ಕಿನಲ್ಲಿ ಎಲ್ಲೂ ಬಂದಿರಬಾರದು, ಅಷ್ಟೆ. ಅಳುತ್ತಿರುವ "ಮಗ" ಅದನ್ನು ಹೇಳಲಾರದಿದ್ದರೆ ಫೋನ್ ಇಡಿ. ಮಗ ಫೋನ್ ಎತ್ತದಿದ್ದರೆ ಸೊಸೆಗೋ ಅವನ ರೂಮಿನವರಿಗೋ ಮಾಡಿ.

ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮ ಫೋನ್ ವಿಷಯ ಕೇಳಿದಾಗ "ಅಯ್ಯೋ ಅಷ್ಟೂ ಗೊತ್ತಾಗಲ್ವಾ" ಅಂತ ರೇಗಬೇಡಿ. ರೇಗುವ ಮಗನಿಗಿಂತ ಸಮಾಧಾನವಾಗಿ ಮಾತಾಡುವ ಕಳ್ಳನೇ ಅವರಿಗೆ ವಾಸಿ ಅನ್ನಿಸಿಬಿಡುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ದಿನದ ಮಿತಿಯನ್ನು ಕಡಿಮೆ ಮಾಡಿಕೊಡಿ. ದೊಡ್ಡ ಎಫ್‌ಡಿ ಮುರಿಸುವ ಮುಂಚೆ ನಿಮಗೊಂದು ಫೋನ್ ಮಾಡಬೇಕು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.

ದುಡ್ಡು ನನಗೆ ಬರಬೇಕಾದರೂ ಪಿನ್ ಹಾಕಿ ಅಂತಾರಲ್ಲ?

ಹಾಕಬೇಡಿ. ಯುಪಿಐ ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿಸುವುದೂ ಅಷ್ಟೆ. ಹಳೇ ಸೋಫಾ ಮಾರಾಟಕ್ಕಿಟ್ಟ ಕೂಡಲೇ "ನಾನು ಮಿಲಿಟರಿಯವನು, ಅಡ್ವಾನ್ಸ್ ಕಳಿಸ್ತೀನಿ" ಅಂತ ಒಬ್ಬ ಬರುತ್ತಾನೆ. ಸೋಫಾ ನೋಡುವುದೂ ಇಲ್ಲ, ಚೌಕಾಸಿ ಮಾಡುವುದೂ ಇಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ನಂಬುವುದು ಹೇಗೆ ಹೇಳಿ?

"ತಪ್ಪಿ ನಿಮ್ಮ ಖಾತೆಗೆ 5,000 ಹಾಕಿಬಿಟ್ಟೆ, ವಾಪಸ್ ಹಾಕಿ" ಅಂತ ಅಳುತ್ತಾ ಫೋನ್ ಬಂತು. ಪಾಪ ಅಲ್ವಾ?

ಮೊದಲು ಖಾತೆಯಲ್ಲಿ ಎಷ್ಟು ದುಡ್ಡಿದೆ ನೋಡಿ. ಎಸ್‌ಎಂಎಸ್ ನೋಡಿ ನಂಬಬೇಡಿ, ಅದನ್ನು ಯಾರು ಬೇಕಾದರೂ ಬ್ಯಾಂಕಿನ ಸಂದೇಶದ ಥರ ಬರೆದು ಕಳಿಸಬಹುದು. ಬಹಳ ಸಲ ದುಡ್ಡೇ ಬಂದಿರುವುದಿಲ್ಲ. ನಿಜವಾಗಿ ಬಂದಿದ್ದರೂ ನೀವು ಕಳಿಸಬೇಡಿ. "ನಿಮ್ಮ ಬ್ಯಾಂಕಿಗೆ ಹೇಳಿ, ಅಲ್ಲಿಂದ ಕೋರಿಕೆ ಬಂದರೆ ನಾನು ಒಪ್ಪುತ್ತೇನೆ" ಅನ್ನಿ, ನಿಮ್ಮ ಬ್ಯಾಂಕಿಗೂ ತಿಳಿಸಿಡಿ. ಅದು ಇನ್ಯಾರಿಗೋ ಟೋಪಿ ಹಾಕಿ ತೆಗೆದ ದುಡ್ಡಾಗಿದ್ದರೆ, ನೀವು ಬೇರೆ ನಂಬರಿಗೆ ಕಳಿಸಿದ ಮೇಲೆ ನಿಮ್ಮ ಖಾತೆಯೂ ಫ್ರೀಜ್ ಆಗಬಹುದು.

ಕಾಲೇಜು ಹುಡುಗ ನಾನು. ಖಾತೆ ಬಾಡಿಗೆಗೆ ಕೊಟ್ಟರೆ ತಿಂಗಳಿಗಿಷ್ಟು ಅಂತ ಕೊಡ್ತಾರಂತೆ.

ಜೈಲಿಗೆ ಹೋಗುವ ಸಲೀಸು ದಾರಿ ಇದು. ಕದ್ದ ದುಡ್ಡು ಮೊದಲು ಬಂದು ಇಳಿಯುವುದು ಇಂಥ ಖಾತೆಗಳಲ್ಲೇ. ಪೊಲೀಸರಿಗೆ ಮೊದಲು ಸಿಗುವ ಹೆಸರೂ ವಿಳಾಸವೂ ನಿಮ್ಮದೇ. ಖಾತೆ ತೆಗೆಸಿದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ನಿಮಗೂ. ಸಿಮ್ ತೆಗೆಸಿ ಕೊಡುವುದಕ್ಕೂ ಇದೇ ಮಾತು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಓಡಾಡುತ್ತಿವೆ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ಹೇಳಬಹುದು. ಕಳೆದುಹೋದ ಫೋನನ್ನು ಲಾಕ್ ಮಾಡಿಸುವುದೂ ಅಲ್ಲೇ.

ಗುರುತಿನವರ ನಂಬರಿನಿಂದಲೇ ಮದುವೆ ಕಾಗದ ಬಂದಿದೆ. ತೆರೆಯದಿದ್ದರೆ ತಪ್ಪು ತಿಳ್ಕೊಳ್ತಾರೆ.

ಫೈಲಿನ ಹೆಸರಿನ ಕೊನೆ ನೋಡಿ. ಅಲ್ಲಿ "ಎಪಿಕೆ" (.apk) ಅಂತಿದ್ದರೆ ಅದು ಕಾಗದವಲ್ಲ, ಆ್ಯಪು. ಲಗ್ನಪತ್ರಿಕೆ ಫೋಟೋ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಇನ್‌ಸ್ಟಾಲ್ ಮಾಡಿ ಅನ್ನುವುದಿಲ್ಲ. ಆರ್‌ಟಿಒ ಚಲನ್, ಪಿಎಂ ಕಿಸಾನ್, ವಿದ್ಯುತ್ ಬಿಲ್ ಹೆಸರಲ್ಲೂ ಇದೇ ಬರುತ್ತದೆ. ಹಾಕಿಕೊಂಡು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ನಿಮ್ಮ ಎಸ್‌ಎಂಎಸ್ ಅವನು ಓದುತ್ತಾನೆ. ಓಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ.

ಒತ್ತಿಬಿಟ್ಟಿದ್ದರೆ ತಕ್ಷಣ ಡೇಟಾ, ವೈಫೈ ಎರಡೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿ. ಆಮೇಲೆ ಆ್ಯಪ್ ತೆಗೆಯಿರಿ. ಅದು ಮೊಂಡು ಹಿಡಿದರೆ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವುದೇ ಕ್ಷೇಮ. ನಿಮ್ಮ ನಂಬರಿನಿಂದ ಊರಿಗೆಲ್ಲ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. "ನನ್ನಿಂದ ಬಂದ ಫೈಲ್ ತೆರೆಯಬೇಡಿ" ಅಂತ ಎಲ್ಲ ಗ್ರೂಪಿಗೂ ಕೂಡಲೇ ಹೇಳಿಸಿ. ಇಲ್ಲಿ ನಾಚಿಕೆಯೇ ಕಳ್ಳನಿಗೆ ಸಹಾಯ.

ಗೆಳತಿ ಒಬ್ಬಳು "ನಿನ್ನ ಫೋನಿಗೆ ಆರಂಕಿ ಕೋಡ್ ತಪ್ಪಿ ಬಂದಿದೆ, ಕಳಿಸು" ಅಂದಳು.

ಕಳಿಸಬೇಡಿ. ಅವಳ ವಾಟ್ಸಾಪ್ ಕಳ್ಳರ ಕೈಗೆ ಹೋಗಿದೆ, ಈಗ ನಿಮ್ಮದಕ್ಕೆ ಕೈ ಹಾಕಿದ್ದಾರೆ. ಅವಳಿಗೆ ಮಾಮೂಲಿ ಫೋನ್ ಮಾಡಿ ತಿಳಿಸಿ. ನಿಮ್ಮ ವಾಟ್ಸಾಪ್ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟುಕೊಳ್ಳಿ. ಲಿಂಕ್ ಆದ ಸಾಧನಗಳ ಪಟ್ಟಿಯನ್ನೂ ಒಮ್ಮೆ ನೋಡಿ.

ಆಧಾರ್ ಜೆರಾಕ್ಸ್ ಕೇಳಿದವರಿಗೆಲ್ಲ ಕೊಡಬೇಕಾ?

ಬೇಡ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಆಧಾರ್ ಕೊಡುವ ಯುಐಡಿಎಐ ತಾಣದಿಂದ ಇಳಿಸಿಕೊಳ್ಳಬಹುದು. ಲಾಡ್ಜಿಗೆ, ಬಾಡಿಗೆ ಮನೆಗೆ ಅದೇ ಸಾಕು. ಬಯೋಮೆಟ್ರಿಕ್ ಲಾಕ್ ಮಾಡಿಡುವುದನ್ನು ಮಾತ್ರ ಮರೆಯಬೇಡಿ. ಆಧಾರ್ ಮತ್ತು ಬೆರಳಚ್ಚು ಇದ್ದರೆ ಸಾಕು, ಓಟಿಪಿ ಇಲ್ಲದೆ ದುಡ್ಡು ತೆಗೆಯುವ ವ್ಯವಸ್ಥೆ ಹಳ್ಳಿಗಳಿಗೆ ಬ್ಯಾಂಕ್ ತಲುಪಲಿ ಅಂತ ಬಂದದ್ದು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೇ ದುಡ್ಡು ಹೋದ ದೂರುಗಳು ಬಂದವು. ಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ ಶಂಕೆ ಇತ್ತು. ಲಾಕ್ ಹಾಕಿದ್ದರೆ ನಕಲು ಬೆರಳಿಂದ ಏನೂ ಆಗದು. ಪಡಿತರಕ್ಕೆ ಬೆರಳು ಕೊಡಬೇಕಾದ ದಿನ ತೆರೆದು, ಮತ್ತೆ ಹಾಕಿ.

ಅಪ್ಪ ಬಂದಿದ್ದನ್ನೆಲ್ಲ ಫಾರ್ವರ್ಡ್ ಮಾಡ್ತಾರೆ. ಎಲ್ಲರೆದುರು ಸುಳ್ಳು ಅಂದರೆ ಬೇಜಾರು, ಹೇಳದಿದ್ದರೆ ತಪ್ಪು.

ಇದು ಬರೀ ಕಿರಿಕಿರಿ ವಿಷಯ ಅಲ್ಲ. 2018ರಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಅನ್ನುವ ಸಂದೇಶ ನಮ್ಮ ರಾಜ್ಯದಲ್ಲೆಲ್ಲ ಓಡಾಡಿತು. ಜೊತೆಗೊಂದು ವಿಡಿಯೋ: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೋ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿ ಅನ್ನುವ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಸುತ್ತಾಡಲು ಬಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರ ಗತಿಯೂ ಅದೇ ಆಯಿತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಅವರ ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸಾಪ್ ತಲುಪಿತ್ತು.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ಸುತ್ತಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಅಂತ ಇಳಿಸಿತು. ಸಂದೇಶದ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಊರೆಲ್ಲ ಸುತ್ತಿ ಬಂದದ್ದು ಅಂತ ಅರ್ಥ. ಅಪ್ಪನಿಗೆ ಈ ಗುರುತೊಂದನ್ನು ತೋರಿಸಿಕೊಡಿ.

ಇನ್ನು ಹೇಳುವ ರೀತಿ. ಗ್ರೂಪಿನಲ್ಲಿ "ಫೇಕ್" ಅಂತ ಬರೆಯಬೇಡಿ. ಭಾವಂದಿರು, ಬೀಗರು ಎಲ್ಲ ಇರುತ್ತಾರೆ. ಅವರೆದುರು ಸೋಲಬಾರದು ಅಂತಲೇ ಅಪ್ಪ ಸುಳ್ಳಿಗೆ ಅಂಟಿಕೊಳ್ಳುತ್ತಾರೆ. ಫೋನ್ ಮಾಡಿ, ಊಟ ಆಯ್ತಾ ಕೇಳಿ, ಆಮೇಲೆ "ಅಪ್ಪಾ, ಆ ವಿಡಿಯೋ ಇಲ್ಲಿದಲ್ವಂತೆ, ನೀವೇ ತೆಗೆದುಬಿಡಿ" ಅನ್ನಿ. ಅವರೇ ತೆಗೆದು ಒಂದು ಸಾಲು ಬರೆದರೆ ಆ ಮಾತಿಗೆ ತೂಕ ಜಾಸ್ತಿ. ಆದರೆ ಒಂದು ಜಾತಿಯ, ಒಂದು ಧರ್ಮದ, ಒಂದು ಊರಿನವರ ಮೇಲೆ ಜನರನ್ನು ಎತ್ತಿಕಟ್ಟುವಂಥದ್ದು ಇದ್ದರೆ ಈ ನಯ ಕಾಯುತ್ತಾ ಕೂರಬೇಡಿ. ಅಲ್ಲೇ, ಆಗಲೇ ಹೇಳಿ. ಬೇಜಾರಾದರೆ ಆಗಲಿ.

ನಾನು ಗ್ರೂಪ್ ಅಡ್ಮಿನ್. ಯಾರೋ ಹಾಕಿದ್ದಕ್ಕೆ ನನ್ನ ಮೇಲೆ ಕೇಸ್ ಆಗುತ್ತಾ?

ಅಡ್ಮಿನ್ ಆಗಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗಂತ ಕಣ್ಣುಮುಚ್ಚಿ ಕೂರಬೇಡಿ. ಅಡ್ಮಿನ್ ಯಾರದೇ ಸಂದೇಶವನ್ನು ಅಳಿಸಬಹುದು.

ಗುಡ್ ಮಾರ್ನಿಂಗ್ ಹಾಕೋದು ತಪ್ಪಾ?

ಖಂಡಿತ ಅಲ್ಲ. ಒಂಟಿಯಾಗಿರುವ ದೊಡ್ಡಮ್ಮನ ಗುಡ್ ಮಾರ್ನಿಂಗ್ ಅಂದರೆ "ನಾನು ಚೆನ್ನಾಗಿದ್ದೀನಿ" ಅಂತ. ಅದು ಬಾರದ ದಿನ ಫೋನ್ ಮಾಡಿ ನೋಡಿ. ಹಾಕುವ ಮೊದಲು ಮೇಲೆ ಏನಿದೆ ಅಂತ ಓದಿ, ಅಷ್ಟು ಸಾಕು. ಸಾವಿನ ಸುದ್ದಿಯ ಕೆಳಗೆ ಕೇಕಿನ ಚಿತ್ರ ಬೀಳಬಾರದು.

ನಮ್ಮನೆ ಮಗು, ನಮ್ಮನೆ ಫಂಕ್ಷನ್ನು. ಫೋಟೋ ಹಾಕೋಕೂ ಕೇಳಬೇಕಾ?

ಕೇಳಬೇಕು. ಮಗುವಿನ ಅಪ್ಪ ಅಮ್ಮನನ್ನು ಕೇಳಿ. ಸ್ವಲ್ಪ ದೊಡ್ಡದಾದರೆ ಮಗುವನ್ನೇ ಕೇಳಿ. ಎಣ್ಣೆ ಸ್ನಾನದ ಫೋಟೋ ಬೇಡವೇ ಬೇಡ. ಶಾಲೆಯ ಬ್ಯಾಡ್ಜು, ವ್ಯಾನಿನ ನಂಬರು, ಮನೆ ಗೇಟಿನ ಹೆಸರು ಕಾಣುವುದೂ ಬೇಡ. ಸೀಮಂತದ ಫೋಟೋವನ್ನು ಬಸುರಿ ಹೆಂಗಸು ತಾನೇ ಹಾಕಿಕೊಳ್ಳಲಿ. ಆಸ್ಪತ್ರೆಯಲ್ಲಿ ಮಲಗಿದವರ, ಅಪಘಾತದಲ್ಲಿ ಬಿದ್ದವರ ಫೋಟೋವನ್ನು ಯಾರೂ ಹಾಕಬಾರದು. ಮೊದಲು 112ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಫೋಟೋ, ಊರು ಹೊರಗೆ ಹಾಕುವುದು ಅಪರಾಧ. "ನ್ಯಾಯ ಸಿಗಲಿ" ಅಂತ ಮೇಲೆ ಬರೆದಿದ್ದರೂ ಅಪರಾಧವೇ.

ಖಾಸಗಿ ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದಾರೆ. ದುಡ್ಡು ಕೊಟ್ಟು ಮುಗಿಸಿಬಿಡಲಾ?

ಕೊಡಬೇಡಿ. ಕೊಟ್ಟರೆ ಮುಗಿಯುವುದಿಲ್ಲ, ಇವರು ಕೊಡುತ್ತಾರೆ ಅಂತ ಗೊತ್ತಾಗುತ್ತದೆ. ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ವಿಡಿಯೋ ಕಾಲ್‌ನಲ್ಲಿ ಸಿಕ್ಕಿಬೀಳುವವರಲ್ಲಿ ಗಂಡಸರೂ ಬಹಳ ಇದ್ದಾರೆ. ಮಾರನೇ ದಿನ "ಪೊಲೀಸ್ ಆಫೀಸರ್" ಅಂತ ಇನ್ನೊಬ್ಬ ಫೋನ್ ಮಾಡುತ್ತಾನೆ, ಅವನೂ ಅದೇ ಗುಂಪಿನವನು. ಸಾಲದ ಆ್ಯಪಿನವರು ಮುಖ ಅಂಟಿಸಿ ಮಾಡುವ ಚಿತ್ರಗಳಿಗೂ ಇದೇ ಉತ್ತರ.

ಸ್ಟಾಪ್ ಎನ್‌ಸಿಐಐ ಅನ್ನುವ, ಇಂಥ ಫೋಟೋ ಹರಡದಂತೆ ತಡೆಯುವ ತಾಣವಿದೆ. ಅದಕ್ಕೆ ನಿಮ್ಮ ಫೋಟೋ ಕೊಡಬೇಕಿಲ್ಲ. ನಿಮ್ಮ ಫೋನಿನಲ್ಲೇ ಅದರ ಒಂದು ಅಂಕಿಗುರುತು ತಯಾರಾಗುತ್ತದೆ, ಅದಷ್ಟೇ ಹೋಗುತ್ತದೆ. ಅದರ ಜೊತೆ ಸೇರಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವು ಆ ಗುರುತು ಹಿಡಿದು ಚಿತ್ರವನ್ನು ತಡೆಯುತ್ತವೆ. 18 ವರ್ಷದೊಳಗಿನವರಿಗೆ ಟೇಕ್ ಇಟ್ ಡೌನ್ ಅನ್ನುವ ಇಂಥದ್ದೇ ತಾಣ ಇದೆ. ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳಿಗಾಗಿ 1098 ಸಹಾಯವಾಣಿ ಇದೆ.

ಮಗಳೋ ಮಗನೋ ಇದನ್ನು ಬಂದು ಹೇಳಿದರೆ "ಯಾಕೆ ಕಳಿಸಿದೆ" ಅನ್ನುವ ಪ್ರಶ್ನೆ ಆ ದಿನ ಬೇಡ. ಫೋನ್ ಕಿತ್ತುಕೊಳ್ಳುವುದೂ ಬೇಡ. ಬೆದರಿಸುವವನು ನಂಬಿರುವುದು ನಿಮ್ಮ ಸಿಟ್ಟನ್ನೇ.

ಕಾಮೆಂಟಿನಲ್ಲಿ ಕೆಟ್ಟದಾಗಿ ಬೈದರೆ?

ಉತ್ತರ ಕೊಡಬೇಡಿ, ಬ್ಲಾಕ್ ಮಾಡಿ. ಆನ್‌ಲೈನಿನಲ್ಲಿ ಕೆಟ್ಟದಾಗಿ ಬರೆದವರನ್ನು ಶಿಕ್ಷಿಸಲು ಇದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲೇ ರದ್ದಾಗಿದೆ, ಆದರೆ ಬೆದರಿಕೆ, ಹಿಂಬಾಲಿಸಿ ಕಾಡುವುದು, ಮಾನಹಾನಿ ಈಗಲೂ ಅಪರಾಧಗಳೇ. ಇನ್ನೊಂದು ನಮ್ಮವರದ್ದೇ ಚಾಳಿ: ವಾದದಲ್ಲಿ ಸೋತಾಗ ಎದುರಿನವರ ಕಾಗುಣಿತ ಹಿಡಿಯುವುದು, ಹ-ಅ ಅಂತ ಆಡಿಕೊಳ್ಳುವುದು, ಕಲಬುರಗಿಯ ಮಾತನ್ನೋ ಮಂಡ್ಯದ ಮಾತನ್ನೋ ಅಣಕಿಸುವುದು. ಕನ್ನಡ ಉಳಿಸುವ ಕೆಲಸ ಅದಲ್ಲ.

ದುಡ್ಡು ಹೋಗಿಯೇಬಿಟ್ಟಿದೆ. ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ಆಗುತ್ತಾ?

ಬೆಳಿಗ್ಗೆವರೆಗೆ ಕಾಯಬೇಡಿ. ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿರುತ್ತದೆ. ಹೊರಗೆ ತೆಗೆಯುವ ಮುಂಚೆ ಸಿಕ್ಕಿದಷ್ಟನ್ನು ಬ್ಯಾಂಕುಗಳು ಅಲ್ಲಲ್ಲೇ ತಡೆಹಿಡಿಯುತ್ತವೆ. ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆ, ಮೊತ್ತ, ಸಮಯ, ಹೋದ ಖಾತೆ ಇವನ್ನು ಕೈಯಲ್ಲಿ ಬರೆದಿಟ್ಟುಕೊಂಡು ಮಾತಾಡಿ. ಜೊತೆಗೇ ನಿಮ್ಮ ಬ್ಯಾಂಕಿಗೂ ಹೇಳಿ, ದೂರಿನ ನಂಬರ್ ತೆಗೆದುಕೊಳ್ಳಿ.

ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಬೀಳುವುದಿಲ್ಲ. ನೀವೇ ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಅದಕ್ಕೇ ನಾಚಿಕೆ ಪಟ್ಟುಕೊಂಡು ಕೂರುವ ಒಂದೊಂದು ಗಂಟೆಯೂ ದುಬಾರಿ.

ಆಮೇಲೆ ಠಾಣೆ. ಜಿಲ್ಲೆಗಳಲ್ಲಿ ಸೆನ್ ಠಾಣೆ ಅಂತ ಜನ ಕರೆಯುವುದು ಸೈಬರ್ ಅಪರಾಧ ನೋಡುವ ಠಾಣೆಯನ್ನೇ. "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಹತ್ತಿರದ ಠಾಣೆಯವರು ಕಳಿಸಿದರೆ ಜೀರೋ ಎಫ್‌ಐಆರ್ ಕೇಳಿ. ವ್ಯಾಪ್ತಿ ಯಾವುದೇ ಇರಲಿ, ದೂರು ಬರೆದುಕೊಳ್ಳಬೇಕು ಅಂತ ಹೊಸ ಕಾನೂನೇ ಹೇಳುತ್ತದೆ. ತಡೆಹಿಡಿದ ದುಡ್ಡು ಸಾಮಾನ್ಯವಾಗಿ ಕೋರ್ಟಿನ ಮೂಲಕ ವಾಪಸ್ ಬರುತ್ತದೆ, ಸಮಯ ಹಿಡಿಯುತ್ತದೆ. ಈ ನಡುವೆ "ಫೀಸ್ ಕೊಡಿ, ನಿಮ್ಮ ದುಡ್ಡು ಕೊಡಿಸ್ತೀವಿ" ಅಂತ ಯಾರಾದರೂ ಬಂದರೆ, ಅದು ಎರಡನೇ ಸುತ್ತಿನ ಮೋಸ.

1930 ಲೈನ್ ಸಿಗ್ತಾನೇ ಇಲ್ಲ. ಈಗೇನು?

ಒಬ್ಬರು ಆ ನಂಬರಿಗೆ ಪ್ರಯತ್ನಿಸುತ್ತಿರಲಿ. ಇನ್ನೊಬ್ಬರು ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಮಾಡಲಿ. ಮೂರನೆಯವರು ಮೇಲೆ ಹೇಳಿದ ಸೈಬರ್‌ಕ್ರೈಮ್ ತಾಣದಲ್ಲಿ ಹಣಕಾಸಿನ ಮೋಸ ಅನ್ನುವ ವಿಭಾಗದಲ್ಲಿ ದೂರು ತುಂಬಲಿ. ಒಬ್ಬರೇ ಇದ್ದರೆ ಪಕ್ಕದ ಮನೆಯವರನ್ನು ಎಬ್ಬಿಸಿ. ರಾತ್ರಿ ಹನ್ನೆರಡಾದರೂ ಎಬ್ಬಿಸಿ.